ಬಿಡುಗಡೆ ಪತ್ರದಲ್ಲಿಲ್ಲದ ಪದಕ

ಅಮೆರಿಕದ ಸೈನಿಕನೊಬ್ಬನ ಇಡೀ ಸೇವೆಯನ್ನು ಒಂದು ಹಾಳೆಗೆ ಇಳಿಸುವ ದಾಖಲೆಗೆ ಡಿಡಿ ಫಾರ್ಮ್ 214 ಎಂದು ಹೆಸರು. 1950ರಿಂದ ಎಲ್ಲ ಪಡೆಗಳಲ್ಲೂ ಈ ನಮೂನೆ ಬಳಕೆಯಲ್ಲಿದೆ. ಅದಕ್ಕೂ ಮುಂಚೆ, ಎರಡನೇ ಮಹಾಯುದ್ಧ ಮುಗಿಸಿ ಬಂದವರಿಗೆ ಕೊಟ್ಟ ಬಿಡುಗಡೆ ಪತ್ರದ ನಮೂನೆ ಬೇರೆಯಾಗಿದ್ದರೂ ಉದ್ದೇಶ ಇದೇ ಆಗಿತ್ತು. ಸೇನೆಗೆ ಸೇರಿದ ತಾರೀಖು, ಬಿಟ್ಟ ತಾರೀಖು, ದರ್ಜೆ, ಮಾಡಿದ ಕೆಲಸ, ಬಿಡುಗಡೆಯ ಸ್ವರೂಪ, ಇವುಗಳ ನಡುವೆ ಪದಕಗಳಿಗೆಂದು ಒಂದು ಚೌಕ. ಆ ಚೌಕದಲ್ಲಿ ಇರಬೇಕಾಗಿದ್ದ ಪದಕ ಬಿಟ್ಟುಹೋಗಿದೆ, ಸೇರಿಸಿಕೊಡಿ ಎಂದು ಮಾಜಿ ಸೈನಿಕರು ಅರ್ಜಿ ಹಾಕುತ್ತಾರೆ. ಅವರು ತೀರಿಕೊಂಡಿದ್ದರೆ ಹೆಂಡತಿ ಮಕ್ಕಳು ಹಾಕುತ್ತಾರೆ. ಇಂಥ ಅರ್ಜಿಗಳ ಬಗ್ಗೆ ಒಂದು ಅಭಿಪ್ರಾಯ ಬಲವಾಗಿ ಬೇರೂರಿದೆ. ಬಿಡುಗಡೆಯ ದಿನ ಬರೆದದ್ದೇ ಸತ್ಯ, ಹಾಳೆಯಲ್ಲಿ ಇಲ್ಲದ ಪದಕ ಸಿಕ್ಕಿಯೇ ಇರಲಿಲ್ಲ, ದಶಕಗಳಾದ ಮೇಲೆ ಅದನ್ನು ಕೇಳುವುದೆಂದರೆ ಹೊಸದಾಗಿ ಮರ್ಯಾದೆ ಬೇಡಿದಂತೆ ಎಂಬುದು ಆ ಅಭಿಪ್ರಾಯ.

ಈ ನಿಲುವನ್ನು ಸುಮ್ಮನೆ ತಳ್ಳಿಹಾಕಲಾಗದು, ಅದರ ಹಿಂದೆ ಮೂರು ಗಟ್ಟಿ ಕಾರಣಗಳಿವೆ. ಮೊದಲನೆಯದು, ಘಟನೆಯ ಹೊತ್ತಿಗೇ, ಅದಕ್ಕೆಂದೇ ನೇಮಕಗೊಂಡವರು ಬರೆದ ದಾಖಲೆ ನಲವತ್ತು ವರ್ಷದ ನಂತರದ ನೆನಪಿಗಿಂತ ಹೆಚ್ಚು ನಂಬಲರ್ಹ. ನ್ಯಾಯಾಲಯಗಳೂ ಚರಿತ್ರಕಾರರೂ ಒಪ್ಪುವ ಮಾತಿದು. ಎರಡನೆಯದು, ಆ ಹಾಳೆಗೆ ಸೈನಿಕ ತಾನೇ ರುಜು ಹಾಕಿರುತ್ತಾನೆ. ತಪ್ಪಿದ್ದರೆ ಅಂದೇ ಹೇಳಬಹುದಿತ್ತು. ಮೂರನೆಯದು, ಪದಕದ ಆಸೆಗೆ ಸುಳ್ಳು ಹೇಳುವವರು ನಿಜಕ್ಕೂ ಇದ್ದಾರೆ. ಕೇಳಿದವರಿಗೆಲ್ಲ ದಾಖಲೆ ತಿದ್ದಿಕೊಡುತ್ತ ಹೋದರೆ, ಬೆವರು ರಕ್ತ ಸುರಿಸಿ ಪಡೆದವರ ಪದಕಕ್ಕೂ ಬೆಲೆ ಉಳಿಯುವುದಿಲ್ಲ. ಮೂರೂ ಕಾರಣಗಳು ಸರಿ. ಆದರೆ ಅವುಗಳಿಂದ ತಲುಪಿದ ತೀರ್ಮಾನ ಸರಿಯಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದರಿಂದ ಆ ತೀರ್ಮಾನ ಹುಟ್ಟಿದೆ.

ಪದಕವನ್ನು ಕೊಡುವುದು ಬಿಡುಗಡೆ ಪತ್ರವಲ್ಲ. ವೈಯಕ್ತಿಕ ಪದಕಗಳು ಸೇನೆಯ ಆದೇಶದ ಮೂಲಕ ಬರುತ್ತವೆ. ಆದೇಶಕ್ಕೆ ಸಂಖ್ಯೆ ಇರುತ್ತದೆ, ತಾರೀಖು ಇರುತ್ತದೆ, ಹೊರಡಿಸಿದ ಕಚೇರಿಯ ಹೆಸರಿರುತ್ತದೆ. ಬಿಡುಗಡೆ ಪತ್ರ ಅಂಥ ಆದೇಶಗಳನ್ನೂ ಸೇವಾ ಕಡತವನ್ನೂ ನೋಡಿ ಗುಮಾಸ್ತನೊಬ್ಬ ತಯಾರಿಸುವ ಸಾರಾಂಶ ಮಾತ್ರ. ಸಾರಾಂಶದಲ್ಲಿ ಬಿಟ್ಟುಹೋದದ್ದು ಮೂಲದಲ್ಲೂ ಇಲ್ಲವೆನ್ನಲು ಸಾರಾಂಶವೊಂದೇ ಆಧಾರವಾಗದು. ಇಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಚೌಕದಲ್ಲಿ ಒಂದು ಪದಕದ ಹೆಸರಿಲ್ಲ ಎಂದರೆ ‘ಈತನಿಗೆ ಈ ಪದಕ ಸಂದಿಲ್ಲ’ ಎಂದು ಯಾರೋ ಪರಿಶೀಲಿಸಿ ಬರೆದರು ಎಂದಲ್ಲ. ಯಾರೂ ಏನೂ ಬರೆದಿಲ್ಲ, ಅಷ್ಟೇ. ದಾಖಲೆಯ ಮಾತಿಗೆ ಇರುವ ತೂಕವನ್ನು ದಾಖಲೆಯ ಮೌನಕ್ಕೂ ಕೊಡುವುದು ಈ ಅಭಿಪ್ರಾಯದ ಮೊದಲ ಎಡವಟ್ಟು. ಸರ್ಕಾರಿ ನೌಕರರು ತಮ್ಮ ಕೆಲಸವನ್ನು ಕ್ರಮವಾಗಿಯೇ ಮಾಡಿರುತ್ತಾರೆಂದು ಮೊದಲಿಗೆ ನಂಬಿ ಹೊರಡಬೇಕು ಎನ್ನುವುದು ಅಮೆರಿಕದ ಆಡಳಿತ ನ್ಯಾಯದ ಒಂದು ನಿಯಮ, ಮತ್ತು ಪದಕದ ಅರ್ಜಿಗಳನ್ನು ತಳ್ಳಿಹಾಕುವಾಗ ಆ ನಿಯಮವನ್ನು ಮತ್ತೆಮತ್ತೆ ಎತ್ತಿ ಹೇಳಲಾಗುತ್ತದೆ. ಆದರೆ ಪದಕ ಕೊಟ್ಟ ಆದೇಶವೂ ಸರ್ಕಾರಿ ನೌಕರರು ಬರೆದದ್ದೇ. ಆದೇಶ ಒಂದನ್ನು ಹೇಳುತ್ತ ಬಿಡುಗಡೆ ಪತ್ರ ಸುಮ್ಮನಿದ್ದರೆ, ಈ ನಂಬಿಕೆಯ ಫಲ ಮಾತಾಡಿದ ಕಾಗದಕ್ಕೆ ಸಲ್ಲಬೇಕು.

‘ಬಿಟ್ಟುಹೋದ ಪದಕ’ ಎಂಬ ಒಂದೇ ಮಾತಿನ ಅಡಿಯಲ್ಲಿ ಮೂರು ಬೇರೆಬೇರೆ ಸಂದರ್ಭಗಳು ಸೇರಿಕೊಂಡಿವೆ. ಇವುಗಳನ್ನು ಬಿಡಿಸಿಟ್ಟರೆ ಗೊಂದಲದ ಬಹುಪಾಲು ತಾನಾಗಿಯೇ ಕರಗುತ್ತದೆ.

1. ಪದಕ ಕೊಟ್ಟ ಆದೇಶ ಇದೆ, ಅದು ಬಿಡುಗಡೆ ಪತ್ರಕ್ಕೆ ಏರಿಲ್ಲ.

2. ಹೆಸರು ಹಿಡಿದು ಕೊಟ್ಟ ಆದೇಶವಿಲ್ಲ. ಆದರೆ ಎಲ್ಲಿ, ಯಾವಾಗ, ಯಾವ ಘಟಕದಲ್ಲಿ ಸೇವೆ ಸಲ್ಲಿಸಿದ, ಏನಾಯಿತು ಎಂಬ ಸಂಗತಿಗಳಿಂದಲೇ ಪದಕದ ಹಕ್ಕು ಹುಟ್ಟಿದೆ.

3. ಮೇಲಧಿಕಾರಿಗಳು ಶಿಫಾರಸು ಮಾಡಿ, ಸೇನೆ ತೂಗಿನೋಡಿ ಕೊಡಬೇಕಾದ ಶೌರ್ಯ ಪದಕ. ಶಿಫಾರಸು ಆಗಿಯೇ ಇಲ್ಲ, ಅಥವಾ ದಾರಿಯಲ್ಲೆಲ್ಲೋ ಕಳೆದುಹೋಗಿದೆ.

ಜನಾಭಿಪ್ರಾಯ ಹೇಳುವ ‘ಹೊಸ ಮರ್ಯಾದೆ’ ಎಂಬ ಮಾತು ಹೊಂದುವುದಾದರೆ ಮೂರನೆಯದಕ್ಕೆ ಮಾತ್ರ. ಮೊದಲನೆಯದು ಬರೀ ನಕಲು ಮಾಡುವಾಗಿನ ತಪ್ಪು. ಆದೇಶದ ಪ್ರತಿ ಸಿಕ್ಕಿತೆಂದರೆ ಅಲ್ಲಿಗೆ ಮಾತು ಮುಗಿಯಿತು. ಹೆಚ್ಚು ಯೋಚಿಸಬೇಕಾದದ್ದು ಎರಡನೆಯ ಗುಂಪಿನ ಬಗ್ಗೆ.

ಸೇವಾ ಪದಕಗಳೂ ಘಟಕಗಳಿಗೆ ಸಂದ ಗೌರವಗಳೂ ಹೆಚ್ಚಾಗಿ ಸೈನಿಕ ಮನೆ ಸೇರಿದ ಮೇಲೆ ಹುಟ್ಟುವಂಥವು. ವಿಯೆಟ್ನಾಂ ಯುದ್ಧದ ಉದಾಹರಣೆ ಇದಕ್ಕೆ ಸಾಕು. ದಕ್ಷಿಣ ವಿಯೆಟ್ನಾಂ ಸರ್ಕಾರದ ಗ್ಯಾಲಂಟ್ರಿ ಕ್ರಾಸ್ ಎಂಬ ಘಟಕ ಗೌರವವನ್ನು ಅಲ್ಲಿ ಸೇವೆ ಸಲ್ಲಿಸಿದ ಅಮೆರಿಕದ ಭೂಸೇನಾ ಘಟಕಗಳಿಗೆಲ್ಲ ಅನ್ವಯಿಸಿದ ಆದೇಶ ಹೊರಟದ್ದು 1974ರಲ್ಲಿ. 1966ರಲ್ಲೋ 1969ರಲ್ಲೋ ಬಿಡುಗಡೆಯಾದವನ ಹಾಳೆಯಲ್ಲಿ ಅದು ಇರುವುದಾದರೂ ಹೇಗೆ? ಕೊರಿಯಾ ಯುದ್ಧದ ಕತೆ ಇನ್ನೂ ವಿಚಿತ್ರ. ದಕ್ಷಿಣ ಕೊರಿಯಾ ತನ್ನ ಯುದ್ಧ ಸೇವಾ ಪದಕವನ್ನು 1951ರಲ್ಲೇ ಕೊಡಲು ಮುಂದಾಗಿತ್ತು; ಅಮೆರಿಕ ತನ್ನ ಸೈನಿಕರು ಅದನ್ನು ಧರಿಸಲು ಒಪ್ಪಿಗೆ ಕೊಟ್ಟದ್ದು 1999ರಲ್ಲಿ. ಯುದ್ಧಕೈದಿಗಳಾಗಿದ್ದವರ ಪದಕಕ್ಕೆ ಕಾನೂನಿನ ಅನುಮತಿ ಬಂದದ್ದು 1985ರಲ್ಲಿ, ಅದರ ವ್ಯಾಪ್ತಿ ಮಾತ್ರ 1917ರ ಏಪ್ರಿಲ್‌ವರೆಗೆ ಹಿಂದಕ್ಕೆ ಹೋಗುತ್ತದೆ. ಇನ್ನೊಂದು, 1947ರ ನಿರ್ಧಾರ. ಎರಡನೇ ಮಹಾಯುದ್ಧದಲ್ಲಿ ಕಾಲಾಳುಗಳ ಯುದ್ಧ ಬ್ಯಾಡ್ಜ್ ಅಥವಾ ರಣರಂಗದ ವೈದ್ಯಕೀಯ ಸಿಬ್ಬಂದಿಯ ಬ್ಯಾಡ್ಜ್ ಗಳಿಸಿದವರೆಲ್ಲ ಬ್ರಾಂಜ್ ಸ್ಟಾರ್ ಪದಕಕ್ಕೆ ಅರ್ಹರೆಂದು ಸೇನೆ ತೀರ್ಮಾನಿಸಿತು. ಆದರೆ ಅದನ್ನು ಅರ್ಜಿ ಹಾಕಿ ಪಡೆಯಬೇಕಾಗಿತ್ತು. ಆ ಹೊತ್ತಿಗೆ ಲಕ್ಷಾಂತರ ಮಂದಿ ಹೊಲಕ್ಕೋ ಕಾರ್ಖಾನೆಗೋ ಮರಳಿಯಾಗಿತ್ತು. ಇಂಥದೊಂದು ತೀರ್ಮಾನ ಆಗಿದೆಯೆಂದು ತಿಳಿಯದೆಯೇ ಎಷ್ಟೋ ಜನ ಬದುಕು ಮುಗಿಸಿದರು. ಇಂಥ ಪದಕವನ್ನು 1990ರಲ್ಲಿ ಕೇಳಿದವನು ಹೊಸದನ್ನೇನೂ ಬೇಡುತ್ತಿಲ್ಲ. ಸರ್ಕಾರ ತಾನೇ ನಿನ್ನದು ಎಂದು ಸಾರಿದ್ದನ್ನು ತನ್ನ ಹೆಸರಿನ ಮುಂದೆ ಬರೆಯಿರಿ ಎನ್ನುತ್ತಿದ್ದಾನೆ.

ರುಜುವಿನ ವಾದವೂ ಇಲ್ಲಿಯೇ ಸಡಿಲವಾಗುತ್ತದೆ. ಇನ್ನೂ ಹುಟ್ಟದ ಪದಕ ಬಿಟ್ಟುಹೋಗಿದೆ ಎಂದು ಬಿಡುಗಡೆಯ ದಿನ ಯಾರೂ ತಕರಾರು ತೆಗೆಯಲಾರರು. ಆಗಲೇ ಹುಟ್ಟಿದ್ದ ಪದಕಗಳ ವಿಷಯದಲ್ಲೂ, ತನ್ನ ಘಟಕದ ಹೆಸರಿನಲ್ಲಿ ಯಾವಯಾವ ಆದೇಶಗಳು ಹೊರಟಿವೆಯೆಂದು ಸಾಮಾನ್ಯ ಸಿಪಾಯಿಗೆ ಗೊತ್ತಿರುವ ಸಂಭವ ಕಡಿಮೆ. ಅವು ಮೇಲಿನ ಕಚೇರಿಗಳಲ್ಲಿ ಓಡಾಡುವ ಕಾಗದಗಳು. ಮಿಗಿಲಾಗಿ ರುಜು ಬಿದ್ದ ಸನ್ನಿವೇಶವನ್ನು ಮರೆಯಬಾರದು. 1945ರ ಮೇ ತಿಂಗಳಲ್ಲಿ ಅಮೆರಿಕದ ಭೂಸೇನೆ ಯಾರನ್ನು ಮೊದಲು ಮನೆಗೆ ಕಳುಹಿಸಬೇಕೆಂದು ಅಂಕಗಳ ಮೇಲೆ ನಿರ್ಧರಿಸುತ್ತಿತ್ತು. ಸೇವೆಯ ಪ್ರತಿ ತಿಂಗಳಿಗೆ ಒಂದು, ವಿದೇಶದಲ್ಲಿ ಕಳೆದ ತಿಂಗಳಿಗೆ ಮತ್ತೊಂದು, ನಿಗದಿತ ಪದಕಗಳಿಗೂ ಕಾಳಗದಲ್ಲಿ ಭಾಗವಹಿಸಿದ್ದಕ್ಕೆ ಸಿಗುವ ಯುದ್ಧ ನಕ್ಷತ್ರಗಳಿಗೂ ಐದೈದು, ಮೂರರವರೆಗೆ ಒಂದೊಂದು ಮಗುವಿಗೆ ಹನ್ನೆರಡು. 85 ಅಂಕ ಮುಟ್ಟಿದವನಿಗೆ ಮನೆಯ ದಾರಿ ತೆರೆಯುತ್ತಿತ್ತು. ಅಲ್ಲಿಯವರೆಗೆ ಪದಕದ ಲೆಕ್ಕಕ್ಕೆ ಬಹಳ ಬೆಲೆ. ಹಡಗು ಇಳಿದು ಬಿಡುಗಡೆ ಕೇಂದ್ರದ ಮೇಜಿನ ಮುಂದೆ ನಿಂತವನಿಗೆ ಆ ಬೆಲೆ ಉಳಿದಿರಲಿಲ್ಲ. ಚೌಕದಲ್ಲಿ ಒಂದು ಸಾಲು ಕಡಿಮೆಯಾಗಿದೆಯೆಂದು ಜಗಳಕ್ಕೆ ನಿಂತರೆ ಊರು ಸೇರುವುದು ತಡವಾಗುತ್ತಿತ್ತು. ಅಂಥ ಗಳಿಗೆಯ ರುಜುವನ್ನು ಹಕ್ಕು ಬಿಟ್ಟುಕೊಟ್ಟ ಮಾತೆಂದು ಓದುವುದು ನ್ಯಾಯವಲ್ಲ.

ಇಷ್ಟಾದರೂ ಪುರಾವೆಯ ಭಾರ ಅರ್ಜಿದಾರನ ಮೇಲೆಯೇ ಇದೆ, ಮತ್ತು ಹಾಗಿರುವುದೇ ಸರಿ. ಆದರೆ ಪುರಾವೆ ತರಬೇಕಾದ ಉಗ್ರಾಣವೇ ಸುಟ್ಟುಹೋಗಿದ್ದರೆ ಏನು ಮಾಡಬೇಕು? 1973ರ ಜುಲೈ 12ರ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಮಿಸೌರಿಯ ಸೇಂಟ್ ಲೂಯಿಸ್ ಬಳಿಯ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರದ ಆರನೇ ಮಹಡಿಗೆ ಬೆಂಕಿ ಬಿತ್ತು. ಪೂರ್ತಿ ಆರಲು ನಾಲ್ಕು ದಿನ ಹಿಡಿಯಿತು. ಕಾರಣ ಇಂದಿಗೂ ಖಚಿತವಾಗಿಲ್ಲ. ನಾಶವಾದ ಕಡತಗಳು 160ರಿಂದ 180 ಲಕ್ಷ. 1912ರ ನವೆಂಬರ್‌ನಿಂದ 1960ರ ಜನವರಿಯವರೆಗೆ ಭೂಸೇನೆ ಬಿಟ್ಟವರ ಕಡತಗಳಲ್ಲಿ ಸುಮಾರು ಶೇ. 80 ಹೋದವು. 1947ರಿಂದ 1964ರ ನಡುವೆ ವಾಯುಸೇನೆ ಬಿಟ್ಟವರ ಕಡತಗಳಲ್ಲಿ, ಅಕಾರಾದಿಯಲ್ಲಿ ‘ಹಬ್ಬರ್ಡ್’ ಎಂಬ ಹೆಸರಿನ ನಂತರ ಬರುವವರದ್ದು, ಸುಮಾರು ಶೇ. 75 ಹೋದವು. ಈ ಕಡತಗಳಿಗೆ ನಕಲು ಪ್ರತಿ ಇರಲಿಲ್ಲ, ಮೈಕ್ರೋಫಿಲ್ಮ್ ಇರಲಿಲ್ಲ, ಯಾವ ಕಡತಗಳಿದ್ದವು ಎಂಬುದರ ಸೂಚಿಯೂ ಇರಲಿಲ್ಲ. ಅಂಚು ಕರಕಲಾದ, ನೀರಲ್ಲಿ ನೆನೆದ ಸುಮಾರು 65 ಲಕ್ಷ ಕಡತಗಳನ್ನು ಹೇಗೋ ಹೊರತೆಗೆದು ಒಣಗಿಸಿ ಉಳಿಸಿಕೊಂಡರು. ನಾರ್ಮಂಡಿಯಲ್ಲಿ ಗಾಯಗೊಂಡ ಕಾಲಾಳುವಿನ ಕಡತ ಆ ರಾತ್ರಿ ಬೂದಿಯಾಗಿದ್ದರೆ ಅವನು ಗಾಯಗೊಂಡಿರಲಿಲ್ಲವೆಂದು ಯಾರೂ ಹೇಳುವುದಿಲ್ಲ. ಆದರೆ ‘ದಾಖಲೆಯಲ್ಲಿ ಇಲ್ಲ, ಆದ್ದರಿಂದ ಆಗಿಲ್ಲ’ ಎಂಬ ಸೂತ್ರವನ್ನು ನೆಟ್ಟಗೆ ಹಿಡಿದು ನಡೆದರೆ ತಲುಪುವ ಜಾಗ ಅದೇ.

ಕಡತ ಸುಟ್ಟಲ್ಲಿ ಸತ್ಯವನ್ನು ಬೇರೆ ಕಾಗದಗಳಿಂದ ಹೆಕ್ಕಿ ತೆಗೆಯಬೇಕಾಗುತ್ತದೆ, ಮತ್ತು ಹಾಗೆ ತೆಗೆಯಲು ಸಾಧ್ಯವೂ ಇದೆ. ಕಾಳಗದಲ್ಲಿ ಗಾಯಗೊಂಡವರಿಗೆ ಸಲ್ಲುವ ಪರ್ಪಲ್ ಹಾರ್ಟ್ ಪದಕವನ್ನೇ ನೋಡಬಹುದು. ಇದಕ್ಕೆ ಶಿಫಾರಸು ಬೇಕಿಲ್ಲ, ಮೂರು ಸಂಗತಿಗಳು ಸಾಬೀತಾದರೆ ಸಾಕು: ಗಾಯ ಶತ್ರುವಿನ ಕೃತ್ಯದಿಂದ ಆದದ್ದು, ಅದಕ್ಕೆ ವೈದ್ಯಾಧಿಕಾರಿಯ ಚಿಕಿತ್ಸೆ ಬೇಕಾದದ್ದು, ಆ ಚಿಕಿತ್ಸೆ ಅಧಿಕೃತ ದಾಖಲೆಗೆ ಸೇರಿದ್ದು. ಆ ಕಾಲದಲ್ಲಿ ಪ್ರತಿಯೊಂದು ಕಂಪನಿಯೂ ದಿನಾ ಬೆಳಗಿನ ವರದಿ ಬರೆಯುತ್ತಿತ್ತು. ಅದರಲ್ಲಿ ಎಲ್ಲರ ಹೆಸರೂ ಬರುವುದಿಲ್ಲ. ನಿನ್ನೆಗೂ ಇಂದಿಗೂ ಯಾರ ಸ್ಥಿತಿ ಬದಲಾಯಿತೋ ಅವರದ್ದು ಮಾತ್ರ: ಹೆಸರು, ಸೇವಾ ಸಂಖ್ಯೆ, ‘ಕರ್ತವ್ಯದಿಂದ ಆಸ್ಪತ್ರೆಗೆ’, ಕಾಳಗದಲ್ಲಿ ಗಾಯ ಎಂಬುದಕ್ಕೆ ಎರಡು ಮೂರು ಅಕ್ಷರಗಳ ಸಂಕೇತ. ಆ ಒಂದು ಸಾಲು ಮೊದಲ ಸಂಗತಿಯನ್ನು ಬಹುಮಟ್ಟಿಗೆ ಸ್ಥಾಪಿಸುತ್ತದೆ. ಚಿಕಿತ್ಸೆಗೆ ಸೇನಾ ಸರ್ಜನ್ ಜನರಲ್ ಕಚೇರಿಯ ಆಸ್ಪತ್ರೆ ದಾಖಲಾತಿಗಳು ನೆರವಾಗುತ್ತವೆ. 1942ರಿಂದ 1945, 1950ರಿಂದ 1954ರ ಅವಧಿಯ ಈ ಮಾಹಿತಿ ಗಣಕ ಟೇಪುಗಳಲ್ಲಿ ಉಳಿದಿದ್ದು, ಬೆಂಕಿಯಾಗಿ ಹದಿನೈದು ವರ್ಷ ಕಳೆದ ಮೇಲೆ, 1988ರಲ್ಲಿ ದಾಖಲೆ ಕೇಂದ್ರದ ಬಳಕೆಗೆ ಬಂತು. ಅದರಲ್ಲಿ ರೋಗಿಯ ಹೆಸರೇ ಇಲ್ಲ. ಸೇವಾ ಸಂಖ್ಯೆ, ಗಾಯದ ವಿಧ, ಆಸ್ಪತ್ರೆ ಸೇರಿದ ಕಾಲ ಇಷ್ಟೇ. ತಾತನ ಸೇವಾ ಸಂಖ್ಯೆ ಗೊತ್ತಿಲ್ಲದ ಮೊಮ್ಮಗಳಿಗೆ ಆ ದಾಖಲೆ ಇದ್ದೂ ಇಲ್ಲದಂತೆಯೇ. ಆ ಸಂಖ್ಯೆಯನ್ನು ಸಂಬಳದ ಕೊನೆಯ ಚೀಟಿಯಿಂದಲೋ ಮನೆಗೆ ಬರೆದ ಹಳೆಯ ಪತ್ರದ ವಿಳಾಸದಿಂದಲೋ ಹುಡುಕಬೇಕು. ಇದರ ಜೊತೆಗೆ ಮಾಜಿ ಸೈನಿಕರ ಇಲಾಖೆಯಲ್ಲಿರುವ ಪಿಂಚಣಿ ಕಡತ, ರಾಜ್ಯ ಸರ್ಕಾರಗಳು ಯುದ್ಧದ ಬೋನಸ್ ಕೊಡುವಾಗ ಇಟ್ಟುಕೊಂಡ ಕಾಗದ, ಅದೇ ಕಂದಕದಲ್ಲಿದ್ದ ಜೊತೆಗಾರನ ಪ್ರಮಾಣಪತ್ರ. ಪ್ರಮಾಣಪತ್ರಕ್ಕೆ ಸಹಜವಾಗಿಯೇ ತೂಕ ಕಡಿಮೆ, ಉಳಿದ ಕಾಗದಗಳೊಂದಿಗೆ ತಾಳೆಯಾದಾಗ ಮಾತ್ರ ಅದು ಏರುತ್ತದೆ. ಹಳೆಯ ದಾಖಲೆ ನೆನಪಿಗಿಂತ ಮೇಲು ಎಂಬ ಜನಾಭಿಪ್ರಾಯದ ಮೊದಲ ಕಾರಣಕ್ಕೆ ಇಲ್ಲಿ ಯಾವ ಭಂಗವೂ ಇಲ್ಲ. ಇಡೀ ಹುಡುಕಾಟ ನಡೆಯುವುದೇ ಆ ಕಾಲದ ದಾಖಲೆಗಳ ಆಧಾರದ ಮೇಲೆ.

ಸುಳ್ಳುಗಾರರ ಭಯಕ್ಕೂ ಉತ್ತರ ಇದೇ ಕ್ರಮದಲ್ಲಿದೆ. ಪಡೆಯದ ಪದಕವನ್ನು ಪಡೆದೆನೆಂದು ಹೇಳಿಕೊಳ್ಳುವುದನ್ನೇ ಅಪರಾಧವಾಗಿಸಿದ 2005ರ ಕಾಯ್ದೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 2012ರಲ್ಲಿ ವಾಕ್ ಸ್ವಾತಂತ್ರ್ಯದ ನೆಲೆಯಲ್ಲಿ ರದ್ದುಮಾಡಿತು. ಹಣ, ಆಸ್ತಿಯಂಥ ಲಾಭಕ್ಕಾಗಿ ಸುಳ್ಳು ಹೇಳಿದವರನ್ನು ಮಾತ್ರ ಶಿಕ್ಷಿಸುವ ಕಾಯ್ದೆ 2013ರಲ್ಲಿ ಬಂತು. ಇದರಿಂದ ಸುಳ್ಳು ಪದಕಧಾರಿಗಳು ಹೆಚ್ಚುತ್ತಾರೆಂಬ ಆತಂಕ ಸುಳ್ಳಲ್ಲ. ಆದರೆ ಸುಳ್ಳುಗಾರ ಸಾಮಾನ್ಯವಾಗಿ ಮಾಡುವುದೇನು? ಪದಕವನ್ನು ಅಂಗಡಿಯಲ್ಲಿ ಕೊಂಡು ಎದೆಗೆ ಸಿಕ್ಕಿಸಿಕೊಳ್ಳುತ್ತಾನೆ, ಅಥವಾ ಬಿಡುಗಡೆ ಪತ್ರವನ್ನೇ ನಕಲಿ ಮಾಡುತ್ತಾನೆ. ತನ್ನ ಸೇವೆಯನ್ನು ದಿನದಿನಕ್ಕೂ ಮೂಲ ಕಾಗದಗಳೊಂದಿಗೆ ಹೋಲಿಸಿ ನೋಡಿ ಎಂದು ಸರ್ಕಾರವನ್ನೇ ಕೇಳುವ ದಾರಿ ಅವನಿಗೆ ಅಪಾಯದ್ದು. ಆ ದಾರಿ ಹಿಡಿದವರನ್ನು ಸುಳ್ಳುಗಾರರ ಸಾಲಿಗೆ ಸೇರಿಸಿ ನೋಡುವುದು ಅವರ ಮನಸ್ಸನ್ನು ಅನ್ಯಾಯವಾಗಿ ನೋಯಿಸುವ ಕೆಲಸ.

ಲೋಹದ ಒಂದು ತುಂಡಿಗಾಗಿ ಇಷ್ಟು ಶ್ರಮವೇಕೆ ಎಂಬ ಆಕ್ಷೇಪವೂ ಕೇಳಿಬರುತ್ತದೆ. ಗೌರವದ ಮಾತನ್ನು ಬದಿಗಿಟ್ಟು ನೋಡಿದರೂ ಆ ಚೌಕದ ಒಂದು ಸಾಲಿನಿಂದ ಬದುಕು ಬದಲಾಗುತ್ತದೆ. ಪರ್ಪಲ್ ಹಾರ್ಟ್ ಇದ್ದವರಿಗೆ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಆದ್ಯತೆಯಿದೆ, ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಮಣ್ಣಾಗುವ ಅರ್ಹತೆಯಿದೆ. ಅದಕ್ಕಿಂತ ಮುಖ್ಯವಾದದ್ದು ಕಾಳಗದಲ್ಲಿ ಭಾಗವಹಿಸಿದ್ದಕ್ಕೆ ಸಾಕ್ಷಿಯಾಗುವ ಪದಕಗಳ ಕೆಲಸ. ಕಾಳಗ ಕಂಡವನು ತನ್ನ ಗಾಯ, ಮನೋವೇದನೆಗಳು ಅಲ್ಲಿಂದಲೇ ಬಂದವೆಂದರೆ, ಆ ಸೇವೆಯ ಸನ್ನಿವೇಶಕ್ಕೆ ಹೊಂದುವ ಮಟ್ಟಿಗೆ ಅವನ ಮಾತನ್ನೇ ಪುರಾವೆಯಾಗಿ ಒಪ್ಪಬೇಕೆಂದು ಅಮೆರಿಕದ ಕಾನೂನು ಹೇಳುತ್ತದೆ. ಕಾಳಗದ ಬ್ಯಾಡ್ಜ್ ಹಾಳೆಯಲ್ಲಿ ಬಿಟ್ಟುಹೋದವನು ಅದೇ ಮಾತಿಗೆ ಬೇರೆ ಪುರಾವೆ ಹುಡುಕುತ್ತ ಅಲೆಯಬೇಕು.

ಇನ್ನು ಉಳಿದದ್ದು ಅಂತಿಮತೆಯ ವಾದ. ದಾಖಲೆಗೆ ಎಲ್ಲೋ ಒಂದು ಕಡೆ ಕೊನೆ ಎಂಬುದು ಬೇಡವೇ? ಬೇಕು. ಆದರೆ ಸರ್ಕಾರವೇ ಎಂದೂ ತನ್ನ ಪದಕ ದಾಖಲೆಯನ್ನು ಕಲ್ಲಿನ ಬರಹವೆಂದು ಬಗೆದಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಗಾಯಾಳುಗಳ ಆರೈಕೆ ಮಾಡಿದ ವೈದ್ಯೆ ಮೇರಿ ವಾಕರ್‌ಗೆ 1865ರಲ್ಲಿ ದೇಶದ ಅತ್ಯುನ್ನತ ಸೇನಾ ಪದಕವಾದ ಮೆಡಲ್ ಆಫ್ ಆನರ್ ಸಂದಿತು. 1917ರಲ್ಲಿ ಸೇನೆ ಹಳೆಯ ಪಟ್ಟಿಯನ್ನು ಪರಿಶೀಲಿಸಿ 911 ಹೆಸರುಗಳನ್ನು ಹೊಡೆದುಹಾಕಿತು, ಆಕೆಯದೂ ಅದರಲ್ಲಿತ್ತು. ಆಕೆ ಪದಕವನ್ನು ಹಿಂದಿರುಗಿಸಲಿಲ್ಲ. 1919ರಲ್ಲಿ ತೀರಿಕೊಂಡ ಆಕೆಯ ಹೆಸರು ಪಟ್ಟಿಗೆ ಮರಳಿದ್ದು 1977ರಲ್ಲಿ, ಸೇನೆಯ ದಾಖಲೆ ತಿದ್ದುಪಡಿ ಮಂಡಳಿಯ ಮೂಲಕ. ಐವತ್ತು ವರ್ಷದ ನಂತರ ಕಿತ್ತುಕೊಳ್ಳಲು ಸರ್ಕಾರಕ್ಕೆ ಕಾಲ ಮೀರಿರಲಿಲ್ಲವೆಂದರೆ, ಸೇರಿಸಿಕೊಡಲು ಮಾತ್ರ ಕಾಲ ಮೀರಿತು ಎನ್ನುವುದು ಹೇಗೆ? ಆ ಮಂಡಳಿ ಹುಟ್ಟಿದ ಬಗೆಯೂ ಗಮನಿಸುವಂಥದ್ದು. 1946ಕ್ಕೆ ಮುಂಚೆ ಸೈನಿಕನೊಬ್ಬನ ದಾಖಲೆ ತಿದ್ದಲು ಅವನ ಹೆಸರಿನಲ್ಲೇ ಸಂಸತ್ತು ಖಾಸಗಿ ಮಸೂದೆ ಪಾಸು ಮಾಡಬೇಕಿತ್ತು. ಆ ವರ್ಷದ ಸಂಸತ್ತಿನ ಪುನರ್‌ರಚನೆ ಕಾಯ್ದೆ ಅಂಥ ಮಸೂದೆಗಳನ್ನು ನಿಷೇಧಿಸಿ, ಸೇನೆಗೆ ಸೇರದ ನಾಗರಿಕ ಅಧಿಕಾರಿಗಳ ಮಂಡಳಿಗಳಿಗೆ ಆ ಕೆಲಸ ವಹಿಸಿತು. ಮಂಡಳಿಯ ಅಧಿಕಾರ ತಪ್ಪು ತಿದ್ದುವುದು ಅಥವಾ ಅನ್ಯಾಯ ನಿವಾರಿಸುವುದು. ತಪ್ಪು ತಿಳಿದ ಮೂರು ವರ್ಷದೊಳಗೆ ಅರ್ಜಿ ಹಾಕಬೇಕು. ನ್ಯಾಯದ ದೃಷ್ಟಿಯಿಂದ ಮಂಡಳಿ ಆ ಗಡುವನ್ನು ಮನ್ನಿಸಬಹುದು. ಅಂದರೆ ಅಂತಿಮತೆಯೂ ಇದೆ, ಅದಕ್ಕೊಂದು ಬಾಗಿಲೂ ಇದೆ, ಎರಡನ್ನೂ ಕಾನೂನೇ ಇಟ್ಟಿದೆ.

ಮೂರನೆಯ ಗುಂಪಿನಲ್ಲಿ, ಶಿಫಾರಸೇ ಇಲ್ಲದ ಶೌರ್ಯ ಪದಕಗಳ ವಿಷಯದಲ್ಲಿ, ಜನಾಭಿಪ್ರಾಯಕ್ಕೆ ನಿಜವಾದ ನೆಲೆಯಿದೆ. ಒಬ್ಬನ ಧೈರ್ಯ ಯಾವ ಮಟ್ಟದ್ದೆಂದು ತೂಗಬೇಕಾದದ್ದು ಕಂಡವರು, ಅದೂ ಆದಷ್ಟು ಬೇಗ. ಭೂಸೇನೆಯಲ್ಲಿ ಶಿಫಾರಸಿಗೆ ಕೆಲವೇ ವರ್ಷಗಳ ಗಡುವು. ಅದು ಮೀರಿದ ಮೇಲೆ ಬರೀ ದಾಖಲೆ ತಿದ್ದಿ ಶೌರ್ಯ ಪದಕ ಕೊಡಿ ಎಂದರೆ ತಿದ್ದುಪಡಿಯ ಹೆಸರಿನಲ್ಲಿ ಹೊಸ ತೀರ್ಪು ಕೇಳಿದಂತೆ. ಇದಕ್ಕೆ ಕಾನೂನು ಬೇರೆ ದಾರಿಯನ್ನೇ ಇಟ್ಟಿದೆ. ಸಂಸತ್ತಿನ ಸದಸ್ಯರೊಬ್ಬರ ಕೋರಿಕೆಯ ಮೇಲೆ ಸೇನಾ ಇಲಾಖೆ ತಡವಾಗಿ ಬಂದ ಪ್ರಸ್ತಾಪವನ್ನೂ ಗುಣದ ಮೇಲೆ ಪರಿಶೀಲಿಸಬೇಕು. ಆದರೂ ‘ಶಿಫಾರಸು ಇಲ್ಲ, ಆದ್ದರಿಂದ ಅರ್ಹತೆ ಇರಲಿಲ್ಲ’ ಎಂಬ ಹೆಜ್ಜೆಯನ್ನು ಇಲ್ಲೂ ಇಡುವಂತಿಲ್ಲ. ಎರಡನೇ ಮಹಾಯುದ್ಧದ ಸೇವೆಗಾಗಿ ಆ ಕಾಲದಲ್ಲಿ ಒಬ್ಬನೇ ಒಬ್ಬ ಕಪ್ಪು ಸೈನಿಕನಿಗೂ ಮೆಡಲ್ ಆಫ್ ಆನರ್ ಸಿಗಲಿಲ್ಲ. ಸೇನೆಯೇ 1993ರಲ್ಲಿ ಶಾ ವಿಶ್ವವಿದ್ಯಾಲಯಕ್ಕೆ ಈ ಬಗ್ಗೆ ಅಧ್ಯಯನ ವಹಿಸಿತು. ಅಂದಿನ ಸೇನೆಯ ಜನಾಂಗ ತಾರತಮ್ಯದ ವಾತಾವರಣ ಇದಕ್ಕೆ ಕಾರಣವೆಂದು ಅಧ್ಯಯನ ಕಂಡುಕೊಂಡಿತು. 1997ರ ಜನವರಿಯಲ್ಲಿ ಏಳು ಮಂದಿಗೆ ಆ ಪದಕ ಸಂದಿತು, ಅವರಲ್ಲಿ ಬದುಕಿದ್ದವರು ವರ್ನನ್ ಬೇಕರ್ ಒಬ್ಬರೇ. 2000ದ ಜೂನ್‌ನಲ್ಲಿ ಏಷ್ಯಾ ಮೂಲದ 22 ಮಂದಿಗೆ ಇದೇ ಬಗೆಯ ಮರುಪರಿಶೀಲನೆಯಿಂದ ಪದಕ ದೊರೆಯಿತು. ಹೀಗಾಗಿ ಶಿಫಾರಸು ಏಕೆ ಇಲ್ಲ ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕಾಗುತ್ತದೆ.

ಮೊದಲ ಎರಡು ಗುಂಪುಗಳ ಅರ್ಜಿಗಳಲ್ಲಿ ಬಹುಪಾಲಿಗೆ ಮಂಡಳಿಯವರೆಗೆ ಹೋಗುವ ಅಗತ್ಯವೇ ಬೀಳದು. ಸೇಂಟ್ ಲೂಯಿಸ್‌ನ ಕೇಂದ್ರ ಅಥವಾ ಆಯಾ ಪಡೆಯ ಸಿಬ್ಬಂದಿ ಕಚೇರಿ ಆದೇಶಗಳನ್ನು ನೋಡಿ ತೀರ್ಮಾನಿಸುತ್ತದೆ; ಅಲ್ಲಿ ಆಗದಿದ್ದರೆ ಮಾತ್ರ ಡಿಡಿ 149 ಎಂಬ ಅರ್ಜಿ ಮಂಡಳಿಗೆ ಹೋಗುತ್ತದೆ. ಮಂಜೂರಾದಾಗ ಸಾಮಾನ್ಯವಾಗಿ ಮೂಲ ಹಾಳೆಯ ಮೇಲೆ ಗೀಚುವುದೂ ಇಲ್ಲ, ಅದನ್ನು ಹರಿದು ಹೊಸದು ಬರೆಯುವುದೂ ಇಲ್ಲ. ಡಿಡಿ 215 ಎಂಬ ಪ್ರತ್ಯೇಕ ಹಾಳೆ ಹೊರಡುತ್ತದೆ. ಮೂಲದ ಯಾವ ಸಂಖ್ಯೆಯ ಚೌಕಕ್ಕೆ ಯಾವ ಪದಕ ಸೇರಬೇಕೆಂದು ಅದರಲ್ಲಿ ಬರೆದು, ತಿದ್ದಿದ ತಾರೀಖು ಹಾಕಿ, ಅಧಿಕಾರಿ ರುಜು ಮಾಡುತ್ತಾರೆ. ಬಿಡುಗಡೆಯ ದಿನ ಗುಮಾಸ್ತ ಬರೆದದ್ದೂ, ಆತ ಬಿಟ್ಟದ್ದೂ, ನಂತರ ಸೇರಿಸಿದ್ದೂ ಎರಡು ಹಾಳೆಗಳಲ್ಲಿ ಬೇರೆಬೇರೆಯಾಗಿ ಉಳಿಯುತ್ತವೆ. ಮುಂದೆ ಆ ಕಡತ ತೆರೆದವರು ಯಾವುದು ಯಾವಾಗ ಸೇರಿತೆಂದು ತಾರೀಖು ನೋಡಿ ತಿಳಿಯಬಹುದು.